ಕೌದಿಯ ಜೊತೆ ಕತೆಯನ್ನೂ ಕೊಡಿ ಎಂದಾಗ

ಹೋದ ತಿಂಗಳು ಬೆಂಗಳೂರಿನಿಂದ ಒಬ್ಬ ವ್ಯಾಪಾರಸ್ಥರು ಹಳೆಯ ಬಟ್ಟೆಗಳನ್ನು ಪದರು ಪದರಾಗಿ ಸೇರಿಸಿ ಹೊದಿಕೆ ಹೊಲಿಯುವ ನಮ್ಮ ಕೌದಿ ಗುಂಪನ್ನು ಹುಡುಕಿಕೊಂಡು ಧಾರವಾಡಕ್ಕೆ ಬಂದಿದ್ದರು. ಕೈಕೆಲಸದ ವಸ್ತುಗಳನ್ನು ಮಾರುವ ಅಂಗಡಿ ಅವರದು. ಮಡಚಿಟ್ಟಿದ್ದ ಕೌದಿಗಳನ್ನು ಒಂದೊಂದಾಗಿ ಬಿಡಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು; ನಾವು ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಒಪ್ಪಿದರು. ಕೊನೆಗೆ ಒಂದೇ ಒಂದು ಷರತ್ತು ಹಾಕಿದರು: ಪ್ರತಿ ಕೌದಿಗೂ ಒಂದು ಚೀಟಿ ಇರಬೇಕು, ಅದರಲ್ಲಿ ಹೊಲಿದ ಹೆಣ್ಣುಮಗಳ ಫೋಟೋ, ಹೆಸರು ಮತ್ತು ನೂರು ಪದಗಳಲ್ಲಿ ಆಕೆಯ ಬದುಕಿನ ಕತೆ ಇರಬೇಕು. "ಕಷ್ಟದಿಂದ ಮೇಲೆ ಬಂದವರ ಕತೆಯಾದರೆ ಕೊಳ್ಳುವವರ ಮನಸ್ಸಿಗೆ ಬೇಗ ಮುಟ್ಟುತ್ತದೆ" ಎಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಪಡಸಾಲೆಯಲ್ಲಿ ಕೂತಿದ್ದ ಒಂಬತ್ತು ಹೆಂಗಸರೂ ಒಮ್ಮೆಲೇ ಸುಮ್ಮನಾದರು. ಆ ಮೌನದ ಅರ್ಥವನ್ನು ಅಂದಿನಿಂದ ಯೋಚಿಸುತ್ತಿದ್ದೇನೆ. ಈ ಬರಹವನ್ನು ಗುಂಪಿನವರಿಗೆ ಮೊದಲು ಓದಿ ಹೇಳಿ, ಅವರು ತೆಗೆಯಿರಿ ಎಂದದ್ದನ್ನೆಲ್ಲ ತೆಗೆದು, ಯಾರ ಗುರುತೂ ಸಿಗದಂತೆ ಮಾಡಿದ ಮೇಲೆಯೇ ಇಲ್ಲಿ ಹಾಕುತ್ತಿದ್ದೇನೆ.

ನಾನು ಈ ಗುಂಪಿಗೆ ಸೇರಿ ಆರು ವರ್ಷವಾಯಿತು. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ವರ್ಷವೇ ಅವ್ವ ತೀರಿಕೊಂಡಳು. ಅವಳ ಟ್ರಂಕಿನಲ್ಲಿದ್ದ ಹಳೆಯ ಸೀರೆಗಳನ್ನು ಯಾರಿಗೂ ಕೊಡಲು ಮನಸ್ಸಾಗದೆ, ಹಾಗೆಯೇ ಇಟ್ಟುಕೊಳ್ಳಲೂ ಧೈರ್ಯವಾಗದೆ, ಒಂದು ಕೌದಿ ಹೊಲಿಸಿಕೊಳ್ಳೋಣವೆಂದು ಹೋದವಳು ಅಲ್ಲಿಯೇ ಉಳಿದೆ. ಗುರುವಾರ ಮತ್ತು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ, ದೀಪ ಹಚ್ಚುವ ಹೊತ್ತಿಗೆ ಏಳುತ್ತೇವೆ. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಮುಧೋಳದಕ್ಕ, ನವಲಗುಂದದವರು, ಸವದತ್ತಿ ಚಿಗವ್ವ ಎಂದು ತವರೂರಿನ ಹೆಸರಿನಿಂದಲೇ ಎಲ್ಲರ ಗುರುತು. ಮದುವೆಯಾಗಿ ನಲವತ್ತು ವರ್ಷವಾದವರೂ ಇಲ್ಲಿ ತವರಿನ ಮಗಳಾಗಿಯೇ ಕೂಡುತ್ತಾರೆ.

ಕೌದಿ ಹೊಲಿಯುವ ರೀತಿಯನ್ನು ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸಬೇಕು, ಏಕೆಂದರೆ ನಮ್ಮ ಮಾತು ಹುಟ್ಟುವುದೇ ಆ ರೀತಿಯಿಂದ. ಮೊದಲು ಒಂದು ಗಟ್ಟಿಯಾದ ಸೀರೆಯನ್ನು ಮಡಚಿ ನೆಲಕ್ಕೆ ಹಾಸುತ್ತೇವೆ. ಅದರ ಮೇಲೆ ಹಳೆಯ ಧೋತರ, ಸೀರೆ, ಸವೆದ ಪಂಚೆಗಳ ಪದರುಗಳನ್ನು ಸುಕ್ಕಿಲ್ಲದಂತೆ ಹರಡುತ್ತೇವೆ. ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು ಬರುತ್ತವೆ: ಗುಳೇದಗುಡ್ಡದ ಖಣದ ಉಳಿಕೆ, ಇಳಕಲ್ ಸೀರೆಯ ಸೆರಗು, ಮಕ್ಕಳ ಲಂಗ, ಗಂಡಸರ ಅಂಗಿ. ಆಮೇಲೆ ಸುತ್ತಲೂ ಕೂತು ಹೊರಗಿನ ಅಂಚಿನಿಂದ ಒಳಗೆ ಸಾಲು ಸಾಲಾಗಿ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋಗುತ್ತೇವೆ. ಮೊದಲ ದಿನ ಒಬ್ಬೊಬ್ಬರು ಒಂದೊಂದು ಅಂಚಿನಲ್ಲಿ ದೂರ ದೂರ ಇರುತ್ತೇವೆ. ಹೊಲಿಗೆ ಒಳಗೆ ಸರಿದಂತೆ ಹೊಲಿದ ಭಾಗದ ಮೇಲೆಯೇ ಕೂಡಬೇಕಾಗುತ್ತದೆ. ಮೂರನೆಯ ವಾರಕ್ಕೆ ಒಬ್ಬರ ಮೊಣಕಾಲು ಇನ್ನೊಬ್ಬರ ಮೊಣಕಾಲಿಗೆ ತಾಗುತ್ತಿರುತ್ತದೆ. ಮೊದಲ ವಾರದ ಮಾತು ತರಕಾರಿಯ ಬೆಲೆ, ಸೊಸೆಯ ಬಾಣಂತನ, ನೀರು ಬಿಡುವ ದಿನಗಳ ಸುತ್ತಲೇ ಇರುತ್ತದೆ. ನಡುವಿನ ಹೊಲಿಗೆಗೆ ಬಂದಾಗ ಆಡುವ ಮಾತೇ ಬೇರೆ.

ಇನ್ನೊಂದು ಸಂಗತಿಯೂ ಇದೆ. ಹೊಲಿಯುವವರ ಕಣ್ಣು ಸೂಜಿಯ ಮೇಲಿರುತ್ತದೆ. ಎದುರಿಗೆ ಕೂತು ಮುಖ ನೋಡುತ್ತ ಕೇಳಿದರೆ ಜೀವ ಹೋದರೂ ಹೇಳದ ಮಾತನ್ನು, ಎಲ್ಲರೂ ತಲೆ ತಗ್ಗಿಸಿಕೊಂಡಿರುವಾಗ ಒಬ್ಬಳು ಮೆಲ್ಲಗೆ ಹೇಳಿಬಿಡಬಹುದು. ಹೇಳುತ್ತ ಹೇಳುತ್ತ ಗಂಟಲು ಕಟ್ಟಿದರೆ ದಾರ ತುಂಡಾಯಿತೆಂಬ ನೆಪದಲ್ಲಿ ನಿಲ್ಲಿಸಬಹುದು. ಕೇಳುವವರಿಗೂ ಕೂಡಲೇ ಸಮಾಧಾನ ಹೇಳಬೇಕೆಂಬ ಒತ್ತಡವಿರುವುದಿಲ್ಲ. ಆರು ವರ್ಷಗಳಲ್ಲಿ ನಮ್ಮಲ್ಲಿ ಯಾರೂ ಯಾರನ್ನೂ "ನಿನ್ನ ಕತೆ ಹೇಳು" ಎಂದು ಕೇಳಿದ್ದು ನನಗೆ ನೆನಪಿಲ್ಲ. ಕೇಳುವುದು ಒಂದೇ ಪ್ರಶ್ನೆ: "ಇದು ಯಾರ ಸೀರಿ?" ಉತ್ತರ ಒಂದು ಮಾತಿನಲ್ಲಿ ಮುಗಿಯಬಹುದು, ಒಂದು ಮಧ್ಯಾಹ್ನವನ್ನೂ ತೆಗೆದುಕೊಳ್ಳಬಹುದು. ಎಷ್ಟು ಹೇಳಬೇಕೆಂಬುದು ಬಟ್ಟೆ ತಂದವಳಿಗೆ ಬಿಟ್ಟದ್ದು.

ನನ್ನ ಅವ್ವನ ಸೀರೆಗಳನ್ನು ಬಿಚ್ಚಿಟ್ಟ ದಿನ ಹೇಳುವ ಮಾತು ನನ್ನ ಬಳಿ ಹೆಚ್ಚೇನೂ ಇರಲಿಲ್ಲ. ಅವಳನ್ನು ಎಂದೂ ನೋಡದ ಆ ಹೆಂಗಸರೇ ನನಗೆ ಅವಳ ಕತೆಯನ್ನು ಹೇಳಿದರು. ಸವದತ್ತಿ ಚಿಗವ್ವ ಒಂದು ಕಪ್ಪು ಇಳಕಲ್ ಸೀರೆಯನ್ನು ಬೆಳಕಿಗೆ ಹಿಡಿದು, ಮೊಣಕಾಲಿನ ಮೇಲೆ ಬರುವ ಕಡೆಗೆ ಎಳೆಗಳು ತೆಳುವಾಗಿದ್ದನ್ನು ತೋರಿಸಿ, ನಿಮ್ಮವ್ವ ಬಗ್ಗಿ ನೆಲ ಒರೆಸಿದ ಗುರುತಿದು ಎಂದರು. ಟೊಂಕದ ಎಡಬದಿಗೆ ಬಣ್ಣ ಮಾಸಿದ್ದು ಕೂಸನ್ನು ಎತ್ತಿಕೊಂಡು ತಿರುಗಾಡಿದ್ದರಿಂದ ಇರಬೇಕು ಎಂದರು ಮುಧೋಳದಕ್ಕ. ಇನ್ನೊಂದು ಸೀರೆಯನ್ನು ಪೂರ್ತಿ ಹರಡಿದಾಗ ನಡುವೆ ಉದ್ದಕ್ಕೂ ಒಂದು ಜೋಡಣೆಯ ಹೊಲಿಗೆ ಕಂಡಿತು. ನಡುಭಾಗ ಹರಿದ ಸೀರೆಯನ್ನು ಎರಡಾಗಿ ಕತ್ತರಿಸಿ, ಅಂಚಿನ ಕಡೆಯ ಗಟ್ಟಿ ಭಾಗಗಳು ನಡುವೆ ಬರುವಂತೆ ಮತ್ತೆ ಜೋಡಿಸಿದ್ದಳು ಅವ್ವ. ಹೊಲಿಗೆ ನೆರಿಗೆಯೊಳಗೆ ಅಡಗುವಂತೆ ಉಟ್ಟುಕೊಂಡಿದ್ದರಿಂದ ನಾವು ಮಕ್ಕಳು ಅದನ್ನು ಎಂದೂ ಕಂಡಿರಲಿಲ್ಲ. ಆ ಸೀರೆಯನ್ನು ಅವಳು ಉಡುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ನಾನು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ವರ್ಷಗಳವು. ಹಬ್ಬಕ್ಕೆ ಊರಿಗೆ ಹೋದಾಗ ಹೊಸ ಸೀರೆ ಯಾಕೆ ತಗೊಂಡಿಲ್ಲವೆಂದು ಕೇಳಿದರೆ, ಹೊಸ ಸೀರೆ ಮೈಗೆ ಚುಚ್ಚುತ್ತದೆ ಎಂದು ನಗುತ್ತಿದ್ದಳು. ಅದನ್ನು ನಾನು ನಂಬಿದ್ದೆ. ಆ ಮಧ್ಯಾಹ್ನ ನಾನು ಅಳುವಾಗ ಯಾರೂ ನನ್ನನ್ನು ತಡೆಯಲಿಲ್ಲ. ಚಿಗವ್ವ ಮಾತ್ರ ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟರು. ಆ ಜೋಡಣೆಯ ಹೊಲಿಗೆಯನ್ನು ಬಿಚ್ಚದೆ ಹಾಗೆಯೇ ಕೌದಿಯ ಮೇಲ್ಪದರಿಗೆ ಹಾಕಿದ್ದೇವೆ.

ಇದನ್ನು ನಾನು ಇಷ್ಟು ಬಿಡಿಸಿ ಹೇಳಬಲ್ಲೆ, ಏಕೆಂದರೆ ಇದು ನನ್ನದು. ಮುಂದೆ ಹೇಳುವುದು ನನ್ನದಲ್ಲದ್ದರಿಂದ ಕಡಿಮೆ ಹೇಳುತ್ತೇನೆ.

ನಮ್ಮಲ್ಲೊಬ್ಬರು ತಮ್ಮ ತಮ್ಮನ ಒಂದು ಅಂಗಿಯನ್ನು ನಾಲ್ಕು ತಿಂಗಳು ಚೀಲದಲ್ಲಿ ತಂದು, ತೆಗೆಯದೆಯೇ ಮರಳಿ ಒಯ್ಯುತ್ತಿದ್ದರು. 2000ದ ಆಸುಪಾಸಿನ ವರ್ಷಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಎಚ್‌ಐವಿ ಹೇಗೆ ಮನೆ ಮನೆಗಳನ್ನು ತಿಂದಿತೆಂಬುದು ಆ ಕಾಲವನ್ನು ಕಂಡವರಿಗೆ ಗೊತ್ತು. ಸತ್ತವರಿಗಾಗಿ ಜೋರಾಗಿ ಅಳಲೂ ಅಂಜುತ್ತಿದ್ದ ದಿನಗಳವು. ಮನೆಯಲ್ಲಿ ಎಲ್ಲರೂ ಕಾಮಾಲೆ ಎಂದು ಹೇಳುತ್ತ ಬಂದ ಸಾವಿನ ನಿಜವಾದ ಹೆಸರನ್ನು ಆಕೆ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಕೌದಿಯ ನಡುವಿನ ಸಾಲು ಹೊಲಿಯುವಾಗ. ಹೇಳಿ ಮುಗಿಸಿ ಅಂಗಿಯನ್ನು ಮುಂದಿಟ್ಟರು. ಕತ್ತರಿ ತೆಗೆದುಕೊಂಡವರಿಗೆ ಮುಧೋಳದಕ್ಕ ಹೇಳಿದ ಮಾತು ಇಷ್ಟೇ: "ಕಿಸೆ ಬಿಚ್ಚಬ್ಯಾಡ್ರಿ, ಹಂಗ ಇರಲಿ." ಕಿಸೆಯ ಸಮೇತ ಆ ತುಂಡು ಕೌದಿಯಲ್ಲಿದೆ.

ಆಗ ನನಗೆ ವಾಷಿಂಗ್ಟನ್ನಿನ ಕೌದಿ ನೆನಪಾಯಿತು. ಏಡ್ಸ್‌ನಿಂದ ತೀರಿಕೊಂಡವರ ನೆನಪಿಗಾಗಿ ಅಮೆರಿಕದ ಜನ ಒಬ್ಬೊಬ್ಬರಿಗೊಂದು ದೊಡ್ಡ ಬಟ್ಟೆಯ ತುಂಡನ್ನು ಹೊಲಿದು, 1987ರ ಅಕ್ಟೋಬರ್ 11ರಂದು ರಾಜಧಾನಿಯ ನ್ಯಾಷನಲ್ ಮಾಲ್ ಮೈದಾನದಲ್ಲಿ ಅವನ್ನು ಜೋಡಿಸಿ ಹಾಸಿದ್ದರು. ಮೊದಲ ದಿನವೇ ಅಂಥವು 1,920 ಇದ್ದವು. ಒಂದೊಂದರ ಅಳತೆ ಮೂರು ಅಡಿ ಅಗಲ, ಆರು ಅಡಿ ಉದ್ದ, ಒಂದು ಸಮಾಧಿಯ ಅಳತೆ. ಈಗ ಅವುಗಳ ಸಂಖ್ಯೆ ಸುಮಾರು 50,000 ಆಗಿದೆ. ಹೆಸರು ಹೇಳಲೂ ಹೆದರುತ್ತಿದ್ದ ಕಾಲದಲ್ಲಿ ಅವರು ಹೆಸರುಗಳನ್ನೇ ದೊಡ್ಡ ಅಕ್ಷರಗಳಲ್ಲಿ ಹೊಲಿದರು. ಇದನ್ನು ನಾನು ಹೇಳಿದಾಗ ಆಕೆ ಬಹಳ ಹೊತ್ತು ಹೊಲಿಯುತ್ತಲೇ ಇದ್ದು, ಆಮೇಲೆ ಕೇಳಿದರು: "ಅವನ್ನ ಮನಿ ಮಂದಿನ ಹೊಲದ್ರೇನ್ರಿ?" ಕೆಲವನ್ನು ಮನೆಯವರು, ಬಹಳಷ್ಟನ್ನು ಗೆಳೆಯರು ಹೊಲಿದರು ಎಂದೆ. "ಗೆಳ್ಯಾರು ಹೊಲದ್ರೂ ನಡೀತದ ಹಂಗಾರ" ಎಂದು ತಮಗೆ ತಾವೇ ಹೇಳಿಕೊಂಡರು. ತಮ್ಮನ ಹೆಸರನ್ನು ಕೌದಿಯ ಮೇಲೆ ಹಾಕೋಣವೇ ಎಂದು ಕೇಳಿದ್ದಕ್ಕೆ ಬೇಡವೆಂದರು. ವಾಷಿಂಗ್ಟನ್ನಿನವರು ಹೆಸರು ಹೊಲಿದದ್ದೂ ಸರಿ, ಈಕೆ ಬೇಡವೆಂದದ್ದೂ ಸರಿ. ಎರಡನ್ನೂ ನಿರ್ಧರಿಸಿದವರು ಸತ್ತವರಿಗಾಗಿ ಸೂಜಿ ಹಿಡಿದವರೇ.

ಇಷ್ಟು ಹೇಳಿದ ಮಾತ್ರಕ್ಕೆ ಕೌದಿಯ ಸುತ್ತ ಹಿಂದಿನಿಂದಲೂ ಸ್ನೇಹವೇ ತುಂಬಿತ್ತು ಎಂದು ಯಾರೂ ತಿಳಿಯಬಾರದು. ಕೌದಿ ಬಡತನದ ಮಗಳು. ಹೊಸ ಹೊದಿಕೆ ಕೊಳ್ಳಲಾಗದವರು ಹರಿದದ್ದನ್ನು ಹರಿದದ್ದಕ್ಕೆ ಸೇರಿಸಿ ಚಳಿ ಕಳೆದರು. ಉಳ್ಳವರ ಮನೆಗಳಲ್ಲಿ ಅದನ್ನು ಹೊಲಿಯುತ್ತಿದ್ದವರು ಊರೂರು ತಿರುಗುತ್ತ ಬರುತ್ತಿದ್ದ ಅಲೆಮಾರಿ ಸಮುದಾಯಗಳ ಹೆಂಗಸರು. ಸುಗ್ಗಿ ಮುಗಿದ ಮೇಲೆ ಅವರು ಬಂದು ಅಂಗಳದಲ್ಲಿ ಕೂತು ಹೊಲಿಯುತ್ತಿದ್ದದ್ದನ್ನು ನಾನೂ ಚಿಕ್ಕವಳಿದ್ದಾಗ ನೋಡಿದ್ದೇನೆ. ಕೂಲಿಯಾಗಿ ಅವರಿಗೆ ಸೇರುಗಟ್ಟಲೆ ಜೋಳ, ಹಳೆಯ ಬಟ್ಟೆ, ಹೊಸಿಲಿನಾಚೆಗೆ ಹಾಕುತ್ತಿದ್ದ ರೊಟ್ಟಿ ಸಿಗುತ್ತಿತ್ತು. ಅವರು ಹೊಲಿದ ಕೌದಿಯನ್ನು ಒಳಕೋಣೆಯಲ್ಲಿ ಹೊದ್ದುಕೊಳ್ಳುತ್ತಿದ್ದವರು ಅವರನ್ನು ಪಡಸಾಲೆಗೆ ಹತ್ತಿಸುತ್ತಿರಲಿಲ್ಲ.

ಅಂಥ ಒಬ್ಬ ತಾಯಿಯ ಮಗಳು ಮೂರು ವರ್ಷದ ಹಿಂದೆ ನಮ್ಮ ಗುಂಪಿಗೆ ಬಂದರು. ನಮ್ಮೆಲ್ಲರಿಗಿಂತ ಚೆನ್ನಾಗಿ ಹೊಲಿಯುವವರು ಅವರೇ. ಅವರ ಸಾಲುಗಳ ಪಕ್ಕದಲ್ಲಿ ನಮ್ಮ ಸಾಲುಗಳು ಸೊಟ್ಟಗೆ ಕಾಣುತ್ತವೆ. ಆದರೂ ಅವರ ಡಬ್ಬಿಯಿಂದ ಎಲ್ಲರೂ ರೊಟ್ಟಿ ಮುರಿದುಕೊಳ್ಳಲು ಒಂದು ವರ್ಷ ಹಿಡಿಯಿತು ಎಂಬುದನ್ನು ನಾನು ಮುಚ್ಚಿಡಬಾರದು. ಮೊದಲು ಕೈ ಚಾಚಿದವಳು ನಾನಲ್ಲ ಎಂಬ ಸಂಕಟ ನನಗಿದೆ. ಒಂದು ಭಾನುವಾರ ಅವರು ಹೇಳಿದ ಮಾತನ್ನು ಅವರ ಒಪ್ಪಿಗೆಯ ಮೇಲೆಯೇ ಬರೆಯುತ್ತಿದ್ದೇನೆ: "ನಮ್ಮವ್ವ ಎಲ್ಲಾರ ಮನಿ ಕತಿ ಕೇಳ್ಕೋತ ಹೊಲದಾಳ್ರಿ. ಆಕಿ ಕತಿ ಮಾತ್ರ ಯಾರೂ ಕೇಳಲಿಲ್ಲ." ಮನೆಯೊಡತಿ ಬೇಸರ ಕಳೆಯಲು ಅಂಗಳದಲ್ಲಿ ಕೂತು ಅತ್ತೆಯ ಕಾಟ, ಗಂಡನ ಸಿಟ್ಟು, ಹುಟ್ಟದ ಮಕ್ಕಳು ಎಲ್ಲವನ್ನೂ ಆಕೆಯ ಮುಂದೆ ತೋಡಿಕೊಳ್ಳುತ್ತಿದ್ದಳಂತೆ, ಏಕೆಂದರೆ ನಾಳೆ ಬೇರೆ ಊರಿಗೆ ಹೋಗುವವಳ ಬಾಯಿಯಿಂದ ಆ ಮಾತು ಈ ಊರಿನಲ್ಲಿ ಹರಡುವ ಭಯವಿರಲಿಲ್ಲ. ಕತೆ ಒಂದೇ ದಿಕ್ಕಿನಲ್ಲಿ ಹರಿಯುತ್ತಿತ್ತು. ನಾನು ಸ್ನೇಹವೆಂದು ಕರೆಯುವುದು ಕತೆ ಎರಡೂ ದಿಕ್ಕಿಗೆ ಹರಿಯುವುದನ್ನು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು, ಇಬ್ಬರೂ ಕೇಳಿ, ಇಬ್ಬರೂ ಹೇಳದ ಹೊರತು ಅದು ಸ್ನೇಹವಾಗದು. ಚೀಟಿಯ ಮಾತು ಬಂದಾಗ ನನಗೆ ಕುಟುಕಿದ್ದೂ ಇದೇ. ಕೊಳ್ಳುವವರು ನಮ್ಮ ಕತೆಯನ್ನು ಓದುತ್ತಾರೆ. ಅವರ ಕತೆಯನ್ನು ನಮಗೆ ಹೇಳುವವರು ಯಾರು?

ಹಾಗಾದರೆ ಕತೆಗಳೆಲ್ಲ ಪಡಸಾಲೆಯಲ್ಲೇ ಸಾಯಬೇಕೇ ಎಂದು ನನ್ನ ಮಗ ಕೇಳಿದ. ನ್ಯಾಯವಾದ ಪ್ರಶ್ನೆ. ಹೊರಗೆ ಬಂದ ಕತೆಗಳಿಂದ ಗೌರವ ಸಿಕ್ಕ ಉದಾಹರಣೆಗಳು ಇಲ್ಲದಿಲ್ಲ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನದಿಯೊಂದು ಬಾಗಿ ಸುತ್ತುವರಿದ ಜೀಸ್ ಬೆಂಡ್ ಎಂಬ ಊರಿದೆ. ಅಲ್ಲಿಯ ಕಪ್ಪು ಜನಾಂಗದ ಹೆಂಗಸರು ಹಿಂದೆ ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು. 1942ರಲ್ಲಿ ಮಿಸ್ಸೂರಿ ಪೆಟ್‌ವೇ ಎಂಬಾಕೆ ತೀರಿಕೊಂಡ ಗಂಡನ ದುಡಿಮೆಯ ಬಟ್ಟೆಗಳನ್ನೆಲ್ಲ ಸೇರಿಸಿ ಒಂದು ಕೌದಿ ಹೊಲಿದಳು. ಅವನ ನೆನಪಿಗಾಗಿ, ಆ ಪ್ರೀತಿಯನ್ನೇ ಹೊದ್ದು ಮಲಗುವುದಕ್ಕಾಗಿ ಅವ್ವ ಅದನ್ನು ಹೊಲಿದಳೆಂದು ಜೊತೆಗಿದ್ದ ಮಗಳು ಮುಂದೆ ಹೇಳಿದಳು. 1962ರಲ್ಲಿ, ಮತದಾನದ ಹಕ್ಕಿಗಾಗಿ ಕಪ್ಪು ಜನ ಹೊಳೆ ದಾಟಿ ಬರತೊಡಗಿದಾಗ, ಆ ಊರಿನ ದೋಣಿಯನ್ನೇ ನಿಲ್ಲಿಸಲಾಯಿತು. ಅದು ಮತ್ತೆ ಶುರುವಾದದ್ದು 2006ರಲ್ಲಿ. ಈ ನಡುವೆ, 1966ರಲ್ಲಿ, ಅಲ್ಲಿಯ ಮತ್ತು ನೆರೆಯ ಊರುಗಳ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಕಟ್ಟಿಕೊಂಡು ಕೌದಿ ಮಾರಲು ತೊಡಗಿದರು. 2002ರಲ್ಲಿ ಹೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಅವರ ಕೌದಿಗಳು ಗೋಡೆಯೇರಿದವು, 2006ರಲ್ಲಿ ಅಂಚೆಚೀಟಿಗಳ ಮೇಲೂ ಬಂದವು. ಆದರೆ ಗಮನಿಸಿ: ಮಿಸ್ಸೂರಿಯ ಕತೆಯನ್ನು ಹೇಳಿದ್ದು ಪಕ್ಕದಲ್ಲಿ ಕೂತಿದ್ದ ಅವಳದೇ ಮಗಳು. ಆ ಕೌದಿ ಹುಟ್ಟಿದ್ದು ಮಾರಾಟಕ್ಕಾಗಿ ಅಲ್ಲ.

ನಮ್ಮದೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿದವರಿಗೆ ಇನ್ನೊಂದು ದಾರಿಯೂ ಕಾಣುತ್ತದೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದ ಈ ಜನರು ತಮ್ಮ ಕೌದಿಯನ್ನು ಕವಂದಿ ಎನ್ನುತ್ತಾರೆ. ಅದರ ನಾಲ್ಕು ಮೂಲೆಗೂ ಮುಕ್ಕೋನವಾಗಿ ಮಡಚಿದ ಬಟ್ಟೆಯ ಫೂಲ, ಅಂದರೆ ಹೂವು, ಇರಲೇಬೇಕು, ಇಲ್ಲದಿದ್ದರೆ ಕವಂದಿ ಬೆತ್ತಲೆ ಎಂಬ ಮಾತು ಅವರಲ್ಲಿದೆ. ಕ್ರೈಸ್ತರು ಶಿಲುಬೆಯನ್ನೂ ಮುಸ್ಲಿಮರು ಚಂದ್ರನನ್ನೂ ಸೇರಿಸುತ್ತಾರೆ. ತಮ್ಮ ಬಗ್ಗೆ ಹೇಳಬೇಕೆನಿಸಿದಷ್ಟನ್ನು ಅವರು ಬಟ್ಟೆಯಲ್ಲೇ ಹೇಳುತ್ತಾರೆ, ನೋಡುವವರು ಕಣ್ಣಿದ್ದಷ್ಟು ಓದಿಕೊಳ್ಳಬಹುದು.

ನನ್ನ ಮಗನಿಗೆ ನಾನು ಕೊಟ್ಟ ಉತ್ತರ ಬೀಸುವ ಪದಗಳದ್ದು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು ಲೋಕಕ್ಕೆ ಕೊಟ್ಟರು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದ ಮೇಲೂ ಆ ಹಾಡುಗಳು ಉಳಿದದ್ದು ಅವರಿಂದ. ಅವು ಹೊರಗೆ ಬಂದದ್ದಕ್ಕೆ ನಾವೆಲ್ಲ ಋಣಿಗಳು. ಆದರೆ ತ್ರಿಪದಿ ಹಾಡುವವಳಿಗೆ ಒಂದು ಮರೆಯಿತ್ತು. ತವರಿನ ದಾರಿ, ಬಾರದ ಅಣ್ಣ, ಮುನಿದ ಅತ್ತೆ ಎಲ್ಲವೂ ಹಾಡಿನಲ್ಲಿದ್ದವು, ಆದರೆ ಅದು ಹಾಡುವವಳ ಮನೆಯದೇ ಎಂದು ಬೊಟ್ಟು ಮಾಡಲು ಯಾರಿಗೂ ಆಗುತ್ತಿರಲಿಲ್ಲ. ಹಾಡು ಎಲ್ಲರದಾಗಿತ್ತು, ನೋವು ಅದರೊಳಗೆ ಕ್ಷೇಮವಾಗಿತ್ತು. ಫೋಟೋ ಮತ್ತು ಹೆಸರಿರುವ ಚೀಟಿಯಲ್ಲಿ ಅಂಥ ಮರೆಯೆಲ್ಲಿದೆ? ಅದನ್ನು ಅಂಗಡಿಯಲ್ಲಿ ಓದಿದ ಯಾರೋ ನಾಳೆ ಆ ಹೆಣ್ಣುಮಗಳ ಸೊಸೆಯ ತವರಿನವರಾಗಿರಬಹುದು.

ಇದಕ್ಕಿಂತಲೂ ದೊಡ್ಡ ಭಯ ಇನ್ನೊಂದಿದೆ. ಕಷ್ಟದ ಕತೆಗೆ ಬೆಲೆ ಬಂದರೆ ಹೆಚ್ಚು ಕಷ್ಟಪಟ್ಟವಳ ಕೌದಿ ಮೊದಲು ಮಾರಾಟವಾಗುತ್ತದೆ. ಆಗ ಪಡಸಾಲೆಯಲ್ಲಿ "ಇದು ಯಾರ ಸೀರಿ" ಎಂದು ಕೇಳುವವಳ ಮನಸ್ಸಿನಲ್ಲೂ ಹೇಳುವವಳ ಮನಸ್ಸಿನಲ್ಲೂ ಆ ಚೀಟಿ ಬಂದು ಕೂಡುತ್ತದೆ. ತಮ್ಮನ ಅಂಗಿಯನ್ನು ನಾಲ್ಕು ತಿಂಗಳು ಚೀಲದಲ್ಲಿಟ್ಟುಕೊಂಡು ತಿರುಗಿದಾಕೆ ಆ ಪಡಸಾಲೆಯಲ್ಲಿ ಅದನ್ನು ಹೊರಗೆ ತೆಗೆಯುತ್ತಿದ್ದರೇ? ನನಗೆ ಹಾಗನ್ನಿಸುವುದಿಲ್ಲ. ನಮ್ಮ ಶ್ರಮಕ್ಕೆ ಸರಿಯಾದ ಬೆಲೆ ಬೇಕು, ಅದನ್ನು ಕೇಳಲು ನಮಗೆ ಸಂಕೋಚವಿಲ್ಲ. ಆರಡಿ ಉದ್ದದ ಕೌದಿಗೆ ಐದಾರು ಜನ ವಾರಗಟ್ಟಲೆ ಸೊಂಟ ಬಗ್ಗಿಸಿ ಹಾಕುವ ಹೊಲಿಗೆಯೇ ಅದರ ಬೆಲೆಗೆ ಸಾಕಷ್ಟು ಕಾರಣ. ಹೊಲಿಗೆ ನೋಡಿ ಕೊಡದ ದುಡ್ಡನ್ನು ಕಣ್ಣೀರು ನೋಡಿ ಕೊಡುವುದಾದರೆ ಆ ದುಡ್ಡು ನಮಗೆ ಬೇಡ.

ವ್ಯಾಪಾರಸ್ಥರಿಗೆ ಇದನ್ನೆಲ್ಲ ಫೋನಿನಲ್ಲಿ ತಿಳಿಸಿದೆ. ಅವರು ತಾಳ್ಮೆಯಿಂದ ಕೇಳಿದರು, ಸ್ವಲ್ಪ ಹೊತ್ತು ಯೋಚಿಸಿದರು, ಆದರೆ ಬರಿಯ ಕೌದಿಯನ್ನು ಹೇಗೆ ಕೊಡುವುದು, ಏನಾದರೂ ಬರೆದುಕೊಡಿ ಎಂದರು. ಹೋದ ಗುರುವಾರ ಅವರಿಗೆ ಕೊಡಬೇಕಾದ ಮೊದಲ ಕೌದಿಯ ಕೊನೆಯ ಹೊಲಿಗೆ ಬಾಕಿಯಿತ್ತು. ನಮ್ಮ ಸವದತ್ತಿ ಚಿಗವ್ವ ಯಾವ ಕೌದಿಯನ್ನೂ ಖಾಲಿ ಹೊಟ್ಟೆಯಲ್ಲಿ ಕಳಿಸುವುದಿಲ್ಲ. ಕೊನೆಯ ತೇಪೆಯನ್ನು ಮುಚ್ಚುವ ಮೊದಲು ಅದರೊಳಗೆ ನಾಲ್ಕು ಕಾಳು ಹಾಕುತ್ತಾರೆ. ಅಂದು ಜೋಳದ ಕಾಳುಗಳನ್ನು ತಂದು, ತಾಯಿ ಜೋಳದ ಕೂಲಿಗೆ ಹೊಲಿಯುತ್ತಿದ್ದ ಆ ನಮ್ಮ ಗೆಳತಿಯ ಅಂಗೈಗೆ ಹಾಕಿದರು. ಅವರು ಅವನ್ನು ಒಳಗಿಟ್ಟು ಹೊಲಿದು ಗಂಟು ಹಾಕಿದರು.

ಆಮೇಲೆ ಚೀಟಿ ಬರೆಯಲು ನನ್ನ ಕೈಗೆ ಪೆನ್ನು ಕೊಟ್ಟರು. ಉದ್ದ ಆರು ಅಡಿ, ಅಗಲ ನಾಲ್ಕೂವರೆ ಅಡಿ ಎಂದು ಬರೆದೆ. ಒಳಗೆ ನಾಲ್ಕು ಸೀರೆ, ಎರಡು ಧೋತರ. ಆರು ಜನ ಗೆಳತಿಯರು ಹೊಲಿದದ್ದು. ಹನ್ನೊಂದು ಮಧ್ಯಾಹ್ನಗಳ ಕೆಲಸ. ಧಾರವಾಡ. ಇನ್ನೇನು ಬರೆಯಲಿ ಎಂದು ಕೇಳಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮುಧೋಳದಕ್ಕ ಕತ್ತರಿಯನ್ನು ಡಬ್ಬಿಯೊಳಗೆ ಇಡುತ್ತ ಹೇಳಿದರು: "ತೊಳದ ಮ್ಯಾಲ ಹಿಂಡಬ್ಯಾಡ್ರಿ, ಎಳಿ ಬಿಸಲಾಗ ಒಣಾ ಹಾಕ್ರಿ ಅಂತ ಬರೀರಿ."